ಬೆಕ್ಕು ಮುರಿದ ಬಳ್ಳಿ

ಖಾಲಾ ಅವರ ಬಲಗೈ ಹೆಬ್ಬೆರಳು ಯಾವಾಗಲೂ ಸುಣ್ಣ ಮೆತ್ತಿಕೊಂಡೇ ಇರುತ್ತಿತ್ತು. ಎಲೆಗೆ ಹಚ್ಚುವ ಸುಣ್ಣವಷ್ಟೇ ಅಲ್ಲ, ಕಿಟಕಿಯ ಎದುರಿನ ಗೋಡೆಗೆ ತಿಂಗಳಿಗೊಮ್ಮೆ ತಾವೇ ಬಳಿಯುತ್ತಿದ್ದ ಸುಣ್ಣ. ಆ ಗೋಡೆ ಮಾಸಿದರೆ ಬಳ್ಳಿಗೆ ಬೆಳಕು ಸಾಲದು ಎನ್ನುತ್ತಿದ್ದರು.

ಆಗ ಕಾಲುವೆಗೆ ನೀರು ಬಿಟ್ಟ ಹೊಸತು. ನನ್ನ ಗಂಡ ಓವರ್‌ಸಿಯರ್. ಮದುವೆಯಾಗಿ ಸಿಂಧನೂರಿನ ಕ್ವಾರ್ಟರ್ಸಿಗೆ ಬಂದಾಗ ಪಕ್ಕದ ಮನೆಯಲ್ಲಿದ್ದವರು ಖಾಲಾ. ಖಾಲಾ ಎಂದರೆ ಅವರ ಮಾತಿನಲ್ಲಿ ಚಿಕ್ಕಮ್ಮ, ಓಣಿಯವರೆಲ್ಲ ಹಾಗೇ ಕರೆಯುತ್ತಿದ್ದರು. ಅವರ ಯಜಮಾನರು ತೂಬಿನ ಗೇಟು ಎತ್ತಿ ಇಳಿಸುವ ಕೆಲಸದವರು, ವಾರಗಟ್ಟಲೆ ಕಾಲುವೆಯ ಮೇಲೇ ಇರುತ್ತಿದ್ದರು. ತವರಿನಿಂದ ತಂದ ವೀಳ್ಯದೆಲೆಯ ಬಳ್ಳಿಯನ್ನು ಖಾಲಾ ಎಣ್ಣೆ ಡಬ್ಬದಲ್ಲಿ ನೆಟ್ಟು ಮನೆಯೊಳಗೇ ಸಾಕಿದ್ದರು. ಹೊರಗಿಟ್ಟರೆ ಅಲ್ಲಿಯ ಬಿಸಿಗಾಳಿಗೆ ಒಂದೇ ದಿನದಲ್ಲಿ ಸುಟ್ಟುಹೋಗುತ್ತಿತ್ತು. ತಾಯಿ ತೀರಿಕೊಂಡು, ಆ ಮನೆಯೂ ಬಿದ್ದುಹೋಗಿ, ಅವರಿಗೆ ತವರೆಂದು ಉಳಿದದ್ದು ಅದೊಂದೇ.

ದಿನಾ ಬೆಳಗಿನ ನಮಾಜು ಮುಗಿದ ಮೇಲೆ ಡಬ್ಬವನ್ನು ಕಾಲು ಸುತ್ತು ತಿರುಗಿಸುವರು. ಹೊಸ ಕುಡಿಯನ್ನು ಹಳೆ ಸೀರೆಯಂಚಿನಿಂದ ಸಡಿಲವಾಗಿ ಕೋಲಿಗೆ ಕಟ್ಟುವರು. ಕತ್ತಲೆಯ ಮಗ್ಗುಲಿಗೆ ಒಡೆದ ಕನ್ನಡಿಯ ಚೂರು ಆನಿಸಿ ಬೆಳಕು ಬೀಳಿಸುವರು. ಬಳ್ಳಿ ಎಲ್ಲ ಮಗ್ಗುಲಿಗೂ ಸಮನಾಗಿ ಎಲೆ ಬಿಟ್ಟು ನೆಟ್ಟಗೆ ನಿಂತಿತ್ತು. “ಗಿಡಕ್ಕ ಬಾಯಿಲ್ಲ ಬೇಟಿ, ಬಾಗಿ ತೋರಸ್ತದ. ನಾವ ನೋಡಬೇಕು,” ಎನ್ನುತ್ತಿದ್ದರು. ಮ್ಯಾಟ್ರಿಕ್ ಪಾಸಾದ ನಾನು ಒಳಗೊಳಗೇ ನಗುತ್ತಿದ್ದೆ.

ಖಾಲಾ ತಮ್ಮ ಮಗಳ ಬಾಣಂತನಕ್ಕೆ ಮಸ್ಕಿಗೆ ಹೊರಟಾಗ ಮನೆಯ ಕೀಲಿ ನನ್ನ ಕೈಗಿಟ್ಟರು. ಬೆಕ್ಕಿಗೆ ಹಾಲು, ಬಳ್ಳಿಗೆ ನೀರು. “ನೀರು ಒಂದಿನ ತಪ್ಪಿದ್ರ ನಡೀತದ. ತಿರುಗಿಸೋದು ತಪ್ಪಿಸಬ್ಯಾಡ,” ಎಂದರು.

ನೀರು ಹಾಕಿದೆ. ತಿರುಗಿಸಲಿಲ್ಲ. ಮರೆತೆನೆಂದು ಇಷ್ಟು ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ, ಅದು ಸುಳ್ಳು. ಬರೀ ತಾತ್ಸಾರ. ತಿಂಗಳ ಮೇಲೆ, ಸಂಜೆ ಬಸ್ಸಿಗೆ ಅವರು ಬರುತ್ತಾರೆಂದು ತಿಳಿದ ದಿನ ನೋಡಿದರೆ, ಕುಡಿ ಕೋಲು ಬಿಟ್ಟು ಪೂರ್ತಿ ಕಿಟಕಿಗೆ ವಾಲಿತ್ತು. ಒಂದೊಂದು ಎಲೆಯೂ ಅತ್ತಲೇ ಮುಖ ಮಾಡಿತ್ತು. ಗಾಬರಿಯಲ್ಲಿ ಡಬ್ಬವನ್ನು ಹಿಂದುಮುಂದಾಗಿ ತಿರುಗಿಸಿ, ಬಳ್ಳಿಯನ್ನು ಎಳೆದು ಕೋಲಿಗೆ ಬಿಗಿದೆ. ಗಿಣ್ಣಿನ ಹತ್ತಿರ ಪಟ್ಟನೆ ಮುರಿಯಿತು.

“ಬೆಕ್ಕು ಜಿಗದು ಮುರದೈತ್ರೀ ಖಾಲಾ,” ಎಂದೆ.

ಖಾಲಾ ಬುರ್ಖಾ ಕೂಡ ತೆಗೆಯದೆ ಡಬ್ಬದ ಮುಂದೆ ಕುಳಿತರು. ಉಳಿದ ಎಲೆಗಳೆಲ್ಲ ಕಿಟಕಿಗೆ ಬೆನ್ನು ಹಾಕಿ ಗೋಡೆ ನೋಡುತ್ತಿದ್ದವು. ಅದನ್ನು ತುಸು ಹೊತ್ತು ನೋಡಿದರು. ಆಮೇಲೆ ಬೆಕ್ಕನ್ನು ತೊಡೆಯ ಮೇಲೆ ಎಳೆದುಕೊಂಡು, “ಹೌದೇನಲೇ, ನೀನೇನು?” ಎಂದು ಅದರ ತಲೆ ಸವರಿದರು. ಮುರಿದ ತುಂಡನ್ನು ಹಸಿ ಉಸುಕಿನಲ್ಲಿ ಊರಿದರು. ಬಾಣಂತಿಗೆಂದು ಮಾಡಿದ ಅಂಟಿನುಂಡಿಯನ್ನು ಗಂಟಿನಿಂದ ತೆಗೆದು ನನಗೆ ಕೊಟ್ಟರು. ತಿಂದೆ. ಅದು ಗಂಟಲಲ್ಲಿ ಸಲೀಸಾಗಿ ಇಳಿಯಿತು, ಅಷ್ಟು ನಾಚಿಕೆಗೆಟ್ಟವಳು ನಾನು.

ಮರುವರ್ಷ ನಮಗೆ ಲಿಂಗಸುಗೂರಿಗೆ ವರ್ಗವಾಯಿತು. ಲಾರಿಗೆ ಸಾಮಾನು ಏರಿಸುವಾಗ ಖಾಲಾ ಒಂದು ಸಣ್ಣ ಡಬ್ಬ ತಂದು ಕೈಗಿಟ್ಟರು. ಅದೇ ಮುರಿದ ತುಂಡು, ಬೇರು ಬಿಟ್ಟು ಮೊಳದುದ್ದ ಬೆಳೆದಿತ್ತು.

“ದಿನಾ ತಿರುಗಿಸು ಬೇಟಿ,” ಎಂದರು. ಮತ್ತೆ ಮೆಲ್ಲಗೆ, “ನಿಮ್ಮನ್ಯಾಗ ಬೆಕ್ಕಿಲ್ಲ.”

ಮುಖದಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. ಆಗಲಾದರೂ ತಪ್ಪಾಯಿತೆಂದು ಅನ್ನಬಹುದಿತ್ತು. ಹೊತ್ತಾಯಿತೆಂದು ಲಾರಿ ಹತ್ತಿಬಿಟ್ಟೆ. ಎರಡು ವರ್ಷದ ಮೇಲೆ ಸಿಂಧನೂರಿನಿಂದ ಬಂದವರೊಬ್ಬರು ಖಾಲಾ ತೀರಿಕೊಂಡರೆಂದು ಹೇಳಿದರು.

ಬಳ್ಳಿ ಈಗಲೂ ನಮ್ಮ ನಡುಮನೆಯಲ್ಲಿದೆ. ಒಂದು ದಿನವೂ ತಪ್ಪದೆ ತಿರುಗಿಸುತ್ತೇನೆ, ಎದುರಿನ ಗೋಡೆಗೆ ಸುಣ್ಣ ಬಳಿಯುತ್ತೇನೆ. ಬಂದವರು “ಎಷ್ಟು ನೆಟ್ಟಗ ಬೆಳಸೀರಿ, ಯಾರು ಕಲಿಸಿದ್ರು?” ಎಂದು ಕೇಳಿದರೆ ಪಕ್ಕದ ಮನೆಯ ಖಾಲಾ ಎನ್ನುತ್ತೇನೆ. ಅದನ್ನು ಮುರಿದವಳು ನಾನೆಂದು ಮಾತ್ರ ಇಲ್ಲಿಯವರೆಗೆ ಯಾರಿಗೂ ಹೇಳಿಲ್ಲ. ನಮ್ಮ ಯಜಮಾನರು ಇವತ್ತಿಗೂ ಬೆಕ್ಕಿನ ಕತೆಯನ್ನೇ ನಂಬಿದ್ದಾರೆ.