ಕರಡಿಗೆ ಗಂಜಿ

ಶಿವಪೂಜೆಯಲ್ಲಿ ಕರಡಿ ಬಂದ ಹಾಗೆ ಅನ್ನುತ್ತಾರಲ್ಲ, ನಮ್ಮ ಸಂಸಾರದೊಳಗೆ ಅದು ನಿಜವಾಗಿಯೇ ಬಂತು. ಮಾಟುಂಗದ ಹೋಟೆಲನ್ನು ಮಗನಿಗೆ ಬಿಟ್ಟುಕೊಟ್ಟ ಮೇಲೆ ನಮ್ಮ ಯಜಮಾನರಿಗೆ ಕೈಕಟ್ಟಿ ಕೂರಲಾಗಲಿಲ್ಲ. ಭಾಂಡುಪ್‌ನ ಆಚೆ ಕಾಡಂಚಿನಲ್ಲಿ ಒಂದು ಕರಡಿಧಾಮವಿದೆ, ಬೀದಿಯಲ್ಲಿ ಆಡಿಸುವವರಿಂದ ಬಿಡಿಸಿ ತಂದ ಕರಡಿಗಳನ್ನು ಅಲ್ಲಿ ಸಾಕುತ್ತಾರೆ ಎಂದು ಯಾರೋ ಹೇಳಿದ್ದೇ ಸೈ, ದಿನಾ ಬೆಳಿಗ್ಗೆ ಲೋಕಲ್ ಹತ್ತಿ ಹೋಗಿ ಅಲ್ಲಿ ರಾಗಿ ಗಂಜಿ ಬೇಯಿಸತೊಡಗಿದರು. ಮದುವೆಯಾದಂದಿನಿಂದ ನನಗೆ ಒಂದು ಲೋಟ ಚಾ ಮಾಡಿಕೊಟ್ಟ ಆಸಾಮಿಯಲ್ಲ. ಹಾಗೆಂದು ಬೈಯುತ್ತಲೇ ನಾನೂ ಜೊತೆಗೆ ಹೋಗುತ್ತಿದ್ದೆ.

ಅಲ್ಲೊಂದು ಮುದಿ ಹೆಣ್ಣು ಕರಡಿ. ಎರಡೂ ಕಣ್ಣು ಕಾಣದು. ಹಗ್ಗ ಪೋಣಿಸಿದ್ದ ಮೂತಿ ಹರಿದು ಮತ್ತೆ ಕೂಡಿಕೊಂಡಿತ್ತು. ಮೊದಲ ದಿನ ಇವರು ಗಂಜಿಯ ಬಕೆಟ್ಟಿಗೆ ಸೌಟಿನಿಂದ ಟಣ್ ಟಣ್ ಎಂದು ಬಡಿದರು. ದೋಸೆ ಆಯಿತೆಂದು ಕಾವಲಿಗೆ ಸಟ್ಟುಗ ಬಡಿದು ಮಾಣಿಯನ್ನು ಕರೆದು ಅಭ್ಯಾಸವಾದ ಕೈ. ಸದ್ದು ಕೇಳಿದ್ದೇ ಆ ಕರಡಿ ಹಿಂಗಾಲ ಮೇಲೆ ಎದ್ದು ಕುಣಿಯತೊಡಗಿತು. ನೋಡಲು ಬಂದವರು ಚಪ್ಪಾಳೆ ತಟ್ಟಿದರು. ಇವರು ಸೌಟು ಕೆಳಗಿಟ್ಟು ತೋಳಿನಲ್ಲಿ ಕಣ್ಣೊರೆಸಿಕೊಂಡರು.

"ಎಂತ ಕೆಲಸ ಮಾಡಿದೆ ಮಾರಾಯ್ತಿ ನಾನು," ಎಂದರು.

ಮರುದಿನ ಮರದ ಸೌಟು ತಂದರು. ಬೇಲಿಯ ಬಳಿ ಕುಕ್ಕರುಗಾಲಿನಲ್ಲಿ ಕೂತು "ಬಲ ಮಗಾ, ಬಲ" ಎಂದು ತುಳುವಿನಲ್ಲಿ ಮೆಲ್ಲಗೆ ಕರೆಯುವರು, ಬಾ ಮಗು ಬಾ ಎಂದು. ಹೆತ್ತ ಮಗನನ್ನು ಇಷ್ಟು ಮೆತ್ತಗೆ ಕರೆದದ್ದು ನಾನು ಕೇಳಿಲ್ಲ. ಕುಣಿಯದೆಯೂ ಊಟ ಸಿಗುತ್ತದೆ ಎಂಬ ನಂಬಿಕೆ ಬರಲು ಆ ಕರಡಿಗೆ ಎರಡು ಮಳೆಗಾಲ ಬೇಕಾಯಿತು. ಕಳೆದ ಕಾರ್ತಿಕದಲ್ಲಿ, ಹುಲ್ಲೆಲ್ಲ ಹಳದಿಯಾದಾಗ, ಅದು ತಾನಾಗಿಯೇ ಹುತ್ತ ಅಗೆದು, ಮಣ್ಣು ಊದಿ, ಸೊರ್ರನೆ ಗೆದ್ದಲು ಹೀರುವುದನ್ನು ಇಬ್ಬರೂ ಕೂತು ನೋಡಿದೆವು. ಇವರ ಖುಷಿ ನೋಡಬೇಕಿತ್ತು.

ಈ ಮಳೆಗಾಲದಲ್ಲಿ ಇವರು ಹೋಗಿಬಿಟ್ಟರು. ಮಲಗಿದವರು ಏಳಲಿಲ್ಲ. ನನಗೊಂದು ಮಾತು ಹೇಳಿ ಹೋಗುವಷ್ಟೂ ಪುರುಸೊತ್ತಿರಲಿಲ್ಲ ಮಹಾರಾಯರಿಗೆ.

ದೀಪಾವಳಿ ಕಳೆದ ಮೇಲೆ ಕರಡಿಧಾಮದ ಕಾವಲುಗಾರ ಫೋನ್ ಮಾಡಿದ. ಇವರು ಹೋದಾಗಿನಿಂದ ಅರೆಬರೆ ತಿನ್ನುತ್ತಿದ್ದ ಕರಡಿ ಈಗ ಪೂರಾ ಊಟ ಬಿಟ್ಟಿದೆ, ಯಾರು ಕರೆದರೂ ಬರುತ್ತಿಲ್ಲ, ಹೀಗೇ ಆದರೆ ಉಳಿಯುವುದಿಲ್ಲ, ನೀವೊಮ್ಮೆ ಬನ್ನಿ ಎಂದ.

ಮರದ ಸೌಟನ್ನು ಚೀಲದಲ್ಲಿಟ್ಟುಕೊಂಡು ಹೋದೆ. ಗಂಜಿ ನಾನೇ ಬೇಯಿಸಿದೆ. ಕರಡಿ ಹುತ್ತದ ಬಳಿ ಹಳೇ ಕಂಬಳಿಯ ಹಾಗೆ ಬಿದ್ದುಕೊಂಡಿತ್ತು, ಹುತ್ತವನ್ನು ಮುಟ್ಟಿರಲಿಲ್ಲ. ಇವರು ಕೂರುತ್ತಿದ್ದಲ್ಲೇ ಕೂತು ಇವರ ಹಾಗೆಯೇ ಕರೆದೆ.

"ಬಲ ಮಗಾ, ಬಲ."

ತಲೆ ಎತ್ತಿತು. ಎದ್ದು ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು. ಸೌಟಿನ ಹಿಡಿ ಮೂಸಿತು, ನನ್ನ ಸೆರಗು ಮೂಸಿತು, ಮೂತಿ ಎತ್ತಿ ನನ್ನ ಬೆನ್ನ ಹಿಂದಿನ ಗಾಳಿಯನ್ನೂ ಮೂಸಿತು. ಅಲ್ಲಿ ಯಾರೂ ಇರಲಿಲ್ಲ. ಆಮೇಲೆ, ಯಾವ ಸದ್ದೂ ಇಲ್ಲದೆ, ಹಿಂಗಾಲ ಮೇಲೆ ಎದ್ದು ನಿಂತಿತು. ಆಚೆಗೊಮ್ಮೆ ಈಚೆಗೊಮ್ಮೆ ಓಲಾಡುತ್ತ ಕುಣಿಯತೊಡಗಿತು.

ನಾನು ಸೌಟು ಕೆಳಗಿಟ್ಟೆ.

"ಕುಣಿಯೂದು ಬೇಡ ಮಗಾ," ಎಂದೆ. "ಕುಣಿದರೂ ಅವರು ಬರೂದಿಲ್ಲ."

ಅದು ಕುಣಿಯುತ್ತಲೇ ಇತ್ತು. ಗಂಜಿ ಆರಿಹೋಯಿತು.