ಇವರ ಫೈಲ್ ಯಾವುದರಲ್ಲಿ ತೆರೆಯಬೇಕು?

ಕಂಟ್ರೋಲ್ ಎಸ್ ಒತ್ತಿದ್ದು ನಾನೇ. ಅಷ್ಟರಲ್ಲಿ ಕರೆಂಟ್ ಹೋಯಿತು.

ಕಂಪ್ಯೂಟರ್ ಪುನಃ ಆನ್ ಆಗುವಾಗ ಇವರ ಅನೌನ್ಸ್‌ಮೆಂಟಿನಲ್ಲಿ ಒಂದು ಇಡೀ ವಾಕ್ಯ ಇರಲಿಲ್ಲ.

ಇವರು ಅಂದರೆ ನನ್ನ ಗಂಡ, ಸದಾನಂದ. ಪುತ್ತೂರಿನಲ್ಲಿ ನಮ್ಮದೊಂದು ಸಣ್ಣ ಅಂಗಡಿ. ಹೊರಗಿನ ಕೋಣೆಯಲ್ಲಿ ನಾನು ಆಮಂತ್ರಣ ಪತ್ರಿಕೆ ಟೈಪ್ ಮಾಡುತ್ತಿದ್ದೆ, ಪ್ಲೈವುಡ್ ಬಾಗಿಲಿನ ಒಳಗೆ ಇವರು ಮೈಕ್ ಕಟ್ಟಿದ ರಿಕ್ಷಾಗಳಿಗೆ ಪ್ರಚಾರದ ಮಾತು ರೆಕಾರ್ಡ್ ಮಾಡುತ್ತಿದ್ದರು.

ಕಬಡ್ಡಿ ಪಂದ್ಯ, ಕಣ್ಣಿನ ತಪಾಸಣೆ, ಶಾಲೆಯ ವಾರ್ಷಿಕೋತ್ಸವ... ಕಡಬದಿಂದ ಕಲ್ಲುಗುಂಡಿಯವರೆಗೆ, ಇವರ ಮುಖ ನೋಡದವರಿಗೂ ಸ್ವರ ಗೊತ್ತಿತ್ತು.

ಮೈಕಿನ ಮುಂದೆ ಪುಸ್ತಕದ ಕನ್ನಡ, ಮೈಕ್ ಬಿಟ್ಟರೆ ತುಳು. ಮನೆಗೆ ಬಂದರೆ ಅದೂ ಇಲ್ಲ. "ಮಾತೆಲ್ಲ ರಿಕ್ಷಾದಲ್ಲೇ ಹೋಯ್ತಾ ಹೇಗೆ?" ಎಂದು ನಾನು ತಮಾಷೆ ಮಾಡುತ್ತಿದ್ದೆ.

ಒಂದು ಅಭ್ಯಾಸ ಮಾತ್ರ ತಪ್ಪುತ್ತಿರಲಿಲ್ಲ. ಮಾತು ಮುಗಿದ ಕೂಡಲೇ ಒಳಗಿನಿಂದ ತುಳುವಿನಲ್ಲಿ, "ಪ್ರಮೀಳಾ, ಕೇಣುಂಡಾ?" ಕೇಳಿಸುತ್ತದಾ ಎಂದು. ಪ್ಲೈವುಡ್ ಬಾಗಿಲು ಹಾಕಿದ್ದರೂ, ಹೊರಗೆ ಬಸ್ಸಿನ ಹಾರ್ನ್ ಇದ್ದರೂ ನನಗೆ ಮಾತು ಅರ್ಥವಾದರೆ, ಓಡುವ ರಿಕ್ಷಾದಿಂದ ಊರಿಗೂ ಅರ್ಥವಾಗುತ್ತದೆ. ಅದು ಇವರ ಲೆಕ್ಕ. ನಾನು ಟೈಪ್ ಮಾಡುತ್ತಲೇ "ಕೇಣುಂಡು" ಅನ್ನುತ್ತಿದ್ದೆ.

ಕಳೆದ ಆಟಿ ತಿಂಗಳ ಮಳೆಯಲ್ಲಿ ಇವರು ತೀರಿಕೊಂಡರು. ಎದೆನೋವು ಅಂದರು, ಆಸ್ಪತ್ರೆ ತಲುಪಲಿಲ್ಲ.

ಅಂಗಡಿ ಮುಚ್ಚಲಿಲ್ಲ. ಮುಚ್ಚಿ ಎಂತ ಮಾಡುವುದು?

ಮೊನ್ನೆ ನರಿಮೊಗರಿನ ಹಮೀದಾಕ ಬಂದರು. ಇಷ್ಟು ವರ್ಷ ಇವರ ಸ್ವರ ಹೊತ್ತು ತಿರುಗಿದ ರಿಕ್ಷಾ ಅವರದ್ದೇ. ರಾಮಕುಂಜದಲ್ಲಿ ಪ್ರತಿ ವರ್ಷ ನಡೆಯುವ ರಕ್ತದಾನ ಶಿಬಿರಕ್ಕೆ ಪ್ರಚಾರ ಆಗಬೇಕಂತೆ. ಸ್ವರ ಇವರದ್ದೇ ಬೇಕಂತೆ.

"ಬೇರೆಯವರದ್ದು ಹಾಕ್ಲಿಕ್ಕೆ ನಂಗೂ ಮನಸ್ಸು ಬರುದಿಲ್ಲ ಪ್ರಮೀಳಕ್ಕ. ಹಳೇ ತಾರೀಕು ಮಾತ್ರ ತೆಗ್ದು ಕೊಡಿ. ಹೊಸ ತಾರೀಕು ನಾನು ರಿಕ್ಷಾದಲ್ಲಿ ಕೂತು ಹೇಳ್ತೇನೆ" ಅಂದರು.

ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಅದು ಎಡಿಟಿಂಗ್ ಸಾಫ್ಟ್‌ವೇರ್‌ನಲ್ಲೇ ತೆರೆಯುತ್ತದೆ, ಇವರು ಹಾಗೆ ಸೆಟ್ ಮಾಡಿಟ್ಟದ್ದು. ಇವರು ಫೈಲ್ ತೆರೆಯುತ್ತಿದ್ದದ್ದೇ ಕತ್ತರಿಸಲಿಕ್ಕೆ, ಜೋಡಿಸಲಿಕ್ಕೆ.

ತಾರೀಕಿನ ಜಾಗ ಹುಡುಕಿ ಡಿಲೀಟ್ ಒತ್ತಿದೆ. ಕೈ ತನ್ನಷ್ಟಕ್ಕೆ ಸೇವ್ ಕೂಡ ಮಾಡಿತು. ನಮ್ಮಲ್ಲಿ ಕರೆಂಟನ್ನು ನಂಬಲಿಕ್ಕಿಲ್ಲ, ಅಂಗಡಿಯ ಯುಪಿಎಸ್ ಸತ್ತು ಎಷ್ಟೋ ಕಾಲವಾಗಿದೆ. ಸಾಲಿಗೊಮ್ಮೆ ಸೇವ್ ಮಾಡಿ ಮಾಡಿ ಅಭ್ಯಾಸವಾದ ಟೈಪಿಂಗಿನ ಕೈ ಇದು.

ತಾರೀಕಿನ ಜೊತೆ "ತಾವೂ ಬನ್ನಿ, ತಮ್ಮವರನ್ನೂ ಕರೆತನ್ನಿ" ಕೂಡ ಹೋಗಿತ್ತು. ಇವರು ನಗುತ್ತಾ ಹೇಳುತ್ತಿದ್ದ ಸಾಲು ಅದೊಂದೇ. ಕರೆಂಟ್ ಹೋದ ಮೇಲೆ ಅಂಡೂ ಮಾಡಿ ಅದನ್ನು ವಾಪಸ್ ತರಲಿಕ್ಕೂ ಆಗಲಿಲ್ಲ.

ನಾನು ಅತ್ತುಬಿಟ್ಟೆ. ಹಮೀದಾಕ ರಿಕ್ಷಾಕ್ಕೆ ಹೋಗಿ ಪೆನ್‌ಡ್ರೈವ್ ತಂದರು. ಹೋದ ವರ್ಷ ಇವರು ಕತ್ತರಿಸಿ ಕೊಟ್ಟ ಕಾಪಿ ಅದರಲ್ಲಿತ್ತು, ಆ ಸಾಲೂ ಇತ್ತು. ತಾರೀಕು ಮಾತ್ರ ಜಾಗ್ರತೆಯಲ್ಲಿ ತೆಗೆದು ಕೊಟ್ಟೆ, ಅವರ ಕೆಲಸ ಆಯಿತು.

ಆದರೆ ನನ್ನ ಜೀವ ಹೋಗಿ ಬಂದಿತ್ತು. ಉಳಿದ ಎಷ್ಟೋ ಫೈಲ್‌ಗಳಿಗೆ ಕಾಪಿಯೇ ಇಲ್ಲ. ದಿನಾ ಬೆಳಿಗ್ಗೆ ಅಂಗಡಿ ತೆರೆದು ಒಂದನ್ನಾದರೂ ಕೇಳದಿದ್ದರೆ ನನಗೆ ಕೆಲಸ ಸಾಗುವುದಿಲ್ಲ.

ಸಂಜೆ ಮಗಳು ಶ್ರಾವ್ಯ ಕಾಲೇಜಿನಿಂದ ಬಂದವಳು ಎಲ್ಲವನ್ನೂ ಇನ್ನೊಂದು ಹಾರ್ಡ್ ಡಿಸ್ಕಿಗೆ ಕಾಪಿ ಮಾಡಿದಳು. ಆಮೇಲೆ ಮೆಲ್ಲಗೆ ಹೇಳಿದಳು, "ಅಮ್ಮ, ನೀನು ಕೇಳ್ಲಿಕ್ಕೆ ಓಪನ್ ಮಾಡುದು. ಅದು ಕತ್ತರಿ ಹಿಡ್ಕೊಂಡೇ ಬರ್ತದೆ. ಡಿಫಾಲ್ಟ್ ಚೇಂಜ್ ಮಾಡುವ. ಪ್ಲೇಯರ್‌ನಲ್ಲಿ ಓಪನ್ ಆದ್ರೆ ಏನೂ ಹಾಳಾಗುದಿಲ್ಲ."

"ಬೇಡ" ಅಂದೆ. ಸ್ವಲ್ಪ ಜೋರಾಗಿಯೇ ಅಂದೆ.

ಅವಳಿಗೆ ಹೇಗೆ ಹೇಳಲಿ? ಎಡಿಟಿಂಗ್‌ನಲ್ಲಿ ತೆರೆದರೆ ಸ್ವರ ಹಸಿರು ಗೆರೆಯಾಗಿ ಕಾಣುತ್ತದೆ. ಎಲ್ಲಿ ಉಸಿರು ತೆಗೆದುಕೊಂಡರೋ ಅಲ್ಲಿ ಒಂದು ಸಣ್ಣ ಉಬ್ಬು. ಕೆಲಸ ಅರ್ಧಕ್ಕೆ ಬಿಟ್ಟು ಚಾ ಕುಡಿಯಲಿಕ್ಕೆ ಹೋಗಿದ್ದಾರೆ ಅನಿಸುತ್ತದೆ. ಪ್ಲೇಯರ್‌ನಲ್ಲಿ ತೆರೆದರೆ ಇವರ ಕೆಲಸ ಮುಗಿದ ಹಾಗೆ. ನನಗೆ ಅದು ಬೇಡವಾಗಿತ್ತು.

ಆದರೂ ಮರುದಿನ ಬೆಳಿಗ್ಗೆ ಮೌಸ್ ಹಿಡಿಯಲು ಹೆದರಿಕೆಯಾಯಿತು. ಇವರು ಮಾಡಿದ ಸೆಟ್ಟಿಂಗ್ ಉಳಿಸಲಿಕ್ಕೆ ಹೋಗಿ ಇವರ ಸ್ವರವನ್ನೇ ಕಳೆದುಕೊಂಡರೆ?

ರೈಟ್ ಕ್ಲಿಕ್. ಓಪನ್ ವಿತ್. ಪ್ಲೇಯರ್ ಆರಿಸಿದೆ. ಯಾವಾಗಲೂ ಇದರಲ್ಲೇ ತೆರೆಯಲಿ ಎಂಬಲ್ಲಿ ಟಿಕ್ ಹಾಕಿದೆ. ತಪ್ಪಾಯಿತು ಮಾರಾಯ್ರೆ ಎಂದು ಮನಸ್ಸಿನಲ್ಲೇ ಹೇಳಿದೆ.

ಒಂದು ಹಳೆಯ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿದೆ. ಗೆರೆಯಿಲ್ಲ, ಉಬ್ಬಿಲ್ಲ. ಬರೀ ಸ್ವರ. ನೋಡಲಿಕ್ಕೆ ಏನೂ ಇಲ್ಲದ ಕಾರಣ ಎದ್ದು ಹಿಡಿಸೂಡಿ ತೆಗೆದುಕೊಂಡು ಗುಡಿಸಲು ಶುರು ಮಾಡಿದೆ.

ಅನೌನ್ಸ್‌ಮೆಂಟ್ "ಧನ್ಯವಾದಗಳು" ಎಂದು ಮುಗಿಯಿತು. ಎಡಿಟಿಂಗ್‌ನಲ್ಲಿ ಯಾವಾಗಲೂ ಅಲ್ಲಿಗೆ ನಿಲ್ಲಿಸುತ್ತಿದ್ದೆ. ಆಮೇಲಿನ ಗೆರೆ ಹೆಚ್ಚುಕಡಿಮೆ ಸಪಾಟು, ಫ್ಯಾನಿನ ಸದ್ದು ಇರಬೇಕು ಅಂದುಕೊಂಡಿದ್ದೆ.

ಇವತ್ತು ನಿಲ್ಲಿಸುವವರಿಲ್ಲ. ಅದು ಓಡುತ್ತಲೇ ಇದೆ.

ಕುರ್ಚಿ ಎಳೆದ ಸದ್ದು. ಒಂದು ಸಣ್ಣ ಕೆಮ್ಮು. ಆಮೇಲೆ ಮೈಕಿನಿಂದ ದೂರ, ಬಾಗಿಲಿನ ಹತ್ತಿರದಿಂದ...

"ಪ್ರಮೀಳಾ, ಕೇಣುಂಡಾ?"

ಹಿಡಿಸೂಡಿ ಕೈಯಲ್ಲೇ ಇತ್ತು. ಪ್ಲೈವುಡ್ ಬಾಗಿಲಿನ ಕಡೆ ತಿರುಗಿ, ಬೀದಿಯವರು ನೋಡಿದರೆ ನೋಡಲಿ ಎಂದು ಗಟ್ಟಿಯಾಗಿಯೇ ಹೇಳಿದೆ.

"ಕೇಣುಂಡು."