ಚಿಕ್ಕಪ್ಪನ ಗಂಟಲು

ನಮ್ಮ ಚಿಕ್ಕಪ್ಪ ಕೋರ್ಟಿನಲ್ಲಿ ಜವಾನರಾಗಿದ್ದರು. ಬಾಗಿಲಲ್ಲಿ ನಿಂತು ಕಕ್ಷಿದಾರರ ಹೆಸರು ಕೂಗುವುದೇ ಅವರ ಕೆಲಸ. ಕೋಟು ಬೂಟಿನವರು ಒಳಗೆ ಫ್ಯಾನಿನ ಕೆಳಗೆ ಕಾಯುತ್ತಿದ್ದರು. ಹರಕು ಚಪ್ಪಲಿಯವರನ್ನು ಪೊಲೀಸರು ವರಾಂಡದಿಂದಲೇ ಗದರಿಸಿ ಓಡಿಸುತ್ತಿದ್ದರು. ಅವರು ಗೇಟಿನ ಬಳಿಯ ಮರದ ಕೆಳಗೆ ಕೂರಬೇಕು. ಚಿಕ್ಕಪ್ಪ ಕೂಗಿದರೆ ಆ ಮರದ ಕಾಗೆಗಳೂ ಎದ್ದು ಹಾರುತ್ತಿದ್ದವು.

ಒಂದು ದಿನ ದೊಡ್ಡ ವಕೀಲರೊಬ್ಬರು ಅವರ ಹೆಗಲ ಮೇಲೆ ಕೈಹಾಕಿದರು. "ಆ ಮುದುಕಿ ಹೆಸರು ಬಂದಾಗ ಸ್ವಲ್ಪ ಮೆತ್ತಗೆ ಕೂಗಪ್ಪ. ನಿನ್ನನ್ನ ನೋಡ್ಕೋತೀನಿ." ಮುದುಕಿಗೆ ಕೇಳಿಸದಿದ್ದರೆ ಅವಳು ಗೈರುಹಾಜರು, ಅವಳ ಮನೆ ವಕೀಲರ ಕಡೆಯವನ ಪಾಲು.

"ಮೆತ್ತಗೆ ಕೂಗೋಕೆ ನನಗೆ ಬರಲ್ಲ ಸಾರ್," ಎಂದ ಚಿಕ್ಕಪ್ಪ ಅಂದು ಎಂದಿಗಿಂತ ಜೋರಾಗಿ ಕೂಗಿದರು. ಮುದುಕಿ ಓಡೋಡಿ ಬಂದಳು.

ಮರುವಾರವೇ ಚಿಕ್ಕಪ್ಪನನ್ನು ಹಿತ್ತಲ ಕಡೆಯ ದಾಖಲೆ ಕೋಣೆಗೆ ಎತ್ತಂಗಡಿ ಮಾಡಿದರು. ಅವರ ಗಂಟಲಿನಿಂದ ನ್ಯಾಯಾಲಯದ ಶಾಂತಿ ಕೆಡುತ್ತದಂತೆ! ಬಾಗಿಲಿಗೆ ಬಂದ ಹೊಸಬನ ದನಿ ಹೊಸಿಲೇ ದಾಟುತ್ತಿರಲಿಲ್ಲ. ಅಂಥ ಪುಣ್ಯಾತ್ಮನನ್ನು ಎಲ್ಲಿಂದ ಹುಡುಕಿ ತಂದರೋ! ಚಿಕ್ಕಪ್ಪ ನಿವೃತ್ತಿಯವರೆಗೂ ಆ ಕೋಣೆಯ ಧೂಳು ಕುಡಿದರು.

ನಿವೃತ್ತಿಯ ಮರುದಿನ ಬೆಳಿಗ್ಗೆ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟರು.

"ಎಲ್ಲಿಗ್ರೀ? ಕೆಲಸ ಮುಗೀತಲ್ಲ!" ಎಂದರು ಚಿಕ್ಕಮ್ಮ.

"ಮುಗೀತು. ಅದಕ್ಕೇ ಹೊರಟೆ."

ಈಗ ಅವರು ದಿನವೂ ಅದೇ ಬಾಗಿಲ ಬಳಿ ನಿಲ್ಲುತ್ತಾರೆ. ಹೊಸಬ ಪಿಸುಗುಟ್ಟಿದ ಹೆಸರನ್ನು ಮರದ ಕಡೆ ತಿರುಗಿ ಕೂಗುತ್ತಾರೆ. ಮೊದಲ ದಿನ ಅಧಿಕಾರಿ ಕೆಂಡವಾಗಿ ಬಂದರು. "ಏನಯ್ಯಾ, ಇನ್ನೂ ಬುದ್ಧಿ ಬರಲಿಲ್ವಾ?"

"ಎತ್ತಂಗಡಿ ಮಾಡಿ ಸಾರ್," ಎಂದರು ಚಿಕ್ಕಪ್ಪ. "ಈಗ ಎಲ್ಲಿಗೆ ಮಾಡ್ತೀರೋ ನೋಡೋಣ."